ಹೊಗೆ ಪೀಪಾಯಿಯದೋ ಕಾಳಿನದೋ: ತೊಗೌಚಿಯ ಪಕ್ಕದಲ್ಲಿ ಮೂರು ವಿಸ್ಕಿ

ಬಾಟಲಿಯ ಮೇಲೆ ‘ಪೀಟೆಡ್ ಕಾಸ್ಕ್ ಫಿನಿಶ್’ ಎಂದು ಬರೆದಿದ್ದರೆ ಪೀಪಾಯಿಯನ್ನೇ ಪೀಟ್ (ಜೌಗು ನೆಲದಲ್ಲಿ ಗಿಡ ಕೊಳೆತು ಆದ, ಒಣಗಿಸಿ ಉರಿಸುವ ಮಣ್ಣು) ಬೆಂಕಿಯಲ್ಲಿ ಸುಟ್ಟಿರಬೇಕು ಎಂದುಕೊಳ್ಳುವವರು ಬಹಳ. ಹಾಗಲ್ಲ. ಹೊಗೆಯ ಸ್ಕಾಚ್ ವರ್ಷಗಟ್ಟಲೆ ಮಲಗಿದ್ದ ಪೀಪಾಯಿ ಖಾಲಿಯಾದ ಮೇಲೆ, ಬೇರೆ ಪೀಪಾಯಿಯಲ್ಲಿ ಹಣ್ಣಾದ ವಿಸ್ಕಿಯನ್ನು ಅದಕ್ಕೆ ಸುರಿದು ಕೊನೆಯ ಸ್ವಲ್ಪ ಕಾಲ ಇಡುತ್ತಾರೆ. ಓಕ್ ಹಲಗೆ ಕುಡಿದಿಟ್ಟುಕೊಂಡಿದ್ದ ಹಳೆಯ ವಿಸ್ಕಿ ಹೊಸದಕ್ಕೆ ಇಳಿಯುತ್ತದೆ, ಅದರ ಜೊತೆ ಹೊಗೆಯೂ. ಪೀಪಾಯಿಯ ಒಳಮೈ ಸುಡುವುದು ಬೇರೆಯೇ ಕೆಲಸ. ಅದರಿಂದ ಮುಖ್ಯವಾಗಿ ಬರುವುದು ವೆನಿಲಾ ಮತ್ತು ಸುಟ್ಟ ಸಕ್ಕರೆಯ ರುಚಿ.

ಸಾಮಾನ್ಯವಾಗಿ ವಿಸ್ಕಿಗೆ ಹೊಗೆ ಸೇರುವುದು ಇನ್ನೂ ಮೊದಲು, ಕಾಳಿನಲ್ಲೇ. ಮೊಳಕೆ ಬಂದ ಬಾರ್ಲಿಯನ್ನು ಪೀಟ್ ಹೊಗೆಯ ಮೇಲೆ ಒಣಗಿಸಿದಾಗ ಹೊಗೆಯ ವಾಸನೆ ಕೊಡುವ ರಾಸಾಯನಿಕಗಳಾದ ಫೀನಾಲ್‌ಗಳು ಸಿಪ್ಪೆಗೆ ಅಂಟುತ್ತವೆ. ಹುಳಿ ಬರಿಸಿ ಬಟ್ಟಿ ಇಳಿಸಿದ ಮೇಲೂ ಒಂದು ಪಾಲು ಉಳಿಯುತ್ತದೆ. ಹೊಗೆಯ ಪ್ರಮಾಣವೆಂದು ಹೇಳುವ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು ಫೀನಾಲ್ ಎಂಬ) ಅಂಕಿ ಈ ಕಾಳಿನದು, ಬಾಟಲಿಯದಲ್ಲ. ಪೀಪಾಯಿಯಿಂದ ಹೊಗೆ ಪಡೆದ ವಿಸ್ಕಿಗೆ ಅಂಥ ಅಂಕಿಯೇ ಇರುವುದಿಲ್ಲ. ಈ ಎರಡು ದಾರಿಯ ಹೊಗೆ ಬಾಯಲ್ಲಿ ಒಂದೇ ಜಾಗದಲ್ಲಿ ಕೂರುವುದಿಲ್ಲ ಎಂಬುದನ್ನು ನೋಡಲೆಂದೇ ನಾಲ್ಕು ಲೋಟಗಳನ್ನು ಪಕ್ಕಪಕ್ಕ ಇಟ್ಟದ್ದು: ಜಪಾನಿನ ಮೂರು, ತೊಗೌಚಿ ಪೀಟೆಡ್ ಕಾಸ್ಕ್ ಫಿನಿಶ್ (ಆಲ್ಕೋಹಾಲ್ 40%), ಹಕುಶು 12 ವರ್ಷ (43%), ಯೊಇಚಿ ಸಿಂಗಲ್ ಮಾಲ್ಟ್ (45%), ಮತ್ತು ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ (50%).

ಇವನ್ನು ಬಾಟಲಿಯಿಂದ ಸುರಿದ ಹಾಗೆಯೇ ಹೋಲಿಸಿದರೆ ಗೆಲ್ಲುವುದು ಹೊಗೆಯಲ್ಲ, ಆಲ್ಕೋಹಾಲ್. ಹಾಗಾಗಿ ಮೊದಲು ಎಲ್ಲವನ್ನೂ ತೊಗೌಚಿಯ 40ಕ್ಕೆ ಇಳಿಸಬೇಕು. ಲೆಕ್ಕ ಸುಲಭ: 20 ಮಿ.ಲೀ. ವಿಸ್ಕಿಗೆ ಹಕುಶುವಾದರೆ 1.5 ಮಿ.ಲೀ. ನೀರು, ಯೊಇಚಿಗೆ 2.5, ಫ್ಯೂಷನ್‌ಗೆ 5. ಔಷಧಿ ಅಂಗಡಿಯಲ್ಲಿ ಸಿಗುವ 5 ಮಿ.ಲೀ. ಸಿರಿಂಜ್ ಇದಕ್ಕೆ ಸಾಕು. ಬೋರ್‌ವೆಲ್ ನೀರು ಬೇಡ, ಅದರ ಉಪ್ಪು ನಾಲಿಗೆಗೆ ಹತ್ತುತ್ತದೆ. ಕ್ಲೋರಿನ್ ವಾಸನೆಯ ನಲ್ಲಿ ನೀರಂತೂ ಬೇಡವೇ ಬೇಡ, ಫೀನಾಲ್ ಜೊತೆ ಸೇರಿ ಔಷಧಿ ವಾಸನೆ ಎಬ್ಬಿಸುತ್ತದೆ.

ನೀರು ಹೊಗೆಯನ್ನು ಕೊಲ್ಲುತ್ತದೆ ಎಂಬ ಮಾತು ಅರ್ಧ ನಿಜ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಕಾರ್ಲ್ಸನ್ ಮತ್ತು ಫ್ರೀಡ್‌ಮನ್ 2017ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ ಪ್ರಕಾರ, ಹೊಗೆಯ ಘಮ ಕೊಡುವ ಗ್ವಾಯಕಾಲ್ ಅಣುಗಳು ಆಲ್ಕೋಹಾಲ್ 45% ತನಕ ಇದ್ದಾಗ ದ್ರವದ ಮೇಲ್ಮೈ ಬಳಿ ಸೇರುತ್ತವೆ. 59% ದಾಟಿದರೆ ಒಳಕ್ಕೆ ಸರಿಯುತ್ತವೆ. 50ರ ಫ್ಯೂಷನ್‌ಗೆ 5 ಮಿ.ಲೀ. ನೀರು ಬಿದ್ದಾಗ ಮೂಗಿಗೆ ಹೊಗೆ ಹೆಚ್ಚು ತಟ್ಟುವುದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ಆದರೆ 40ರ ತೊಗೌಚಿಗೆ ಮತ್ತೆ ನೀರು ಹಾಕಿದರೆ ರುಚಿ ತೆಳುವಾಗುತ್ತದೆ.

ಕುಡಿಯುವ ಕ್ರಮ ತಪ್ಪಿದರೆ ಹೋಲಿಕೆಯೇ ಹಾಳು. ತೊಗೌಚಿ, ಹಕುಶು, ಫ್ಯೂಷನ್, ಕೊನೆಗೆ ಯೊಇಚಿ: ಕಡಿಮೆ ಹೊಗೆಯಿಂದ ಹೆಚ್ಚಿನದಕ್ಕೆ. ಯೊಇಚಿ ಮೊದಲು ಕುಡಿದು ತೊಗೌಚಿಗೆ ಬಂದರೆ ‘ಇದರಲ್ಲಿ ಹೊಗೆಯೇ ಇಲ್ಲ’ ಅನ್ನಿಸುತ್ತದೆ, ಅದು ವಿಸ್ಕಿಯ ತಪ್ಪಲ್ಲ. ಸುರಿದು 10 ನಿಮಿಷ ಬಿಡಿ. ಬಾಯಿ ಕಿರಿದಾದ ಲೋಟವೇ ಇರಲಿ. ಮಸಾಲೆ ಕಡಲೆಬೀಜದ ತಟ್ಟೆ ದೂರವಿರಲಿ, ಉಪ್ಪಿಲ್ಲದ ಬ್ರೆಡ್ ಸಾಕು. ಇನ್ನೊಂದು ಮಾತು: ಸಂಜೆ ದೇವರ ಮುಂದೆ ಊದುಬತ್ತಿ ಹಚ್ಚಿದ ಕೋಣೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. ಮೂಗು ಆಗಲೇ ಹೊಗೆಗೆ ಒಗ್ಗಿರುತ್ತದೆ, ತೊಗೌಚಿಯಂಥ ಸಣ್ಣ ಹೊಗೆ ಗೊತ್ತೇ ಆಗುವುದಿಲ್ಲ.

ತೊಗೌಚಿ ಹಿರೋಶಿಮಾದ ಸಕುರಾವೊ ಕಂಪನಿಯದು. 2021ರ ತನಕ ಅದರ ಹೆಸರು ಚೂಗೊಕು ಜೋಝೊ. ಬೆಟ್ಟದ ಊರು ತೊಗೌಚಿಯಲ್ಲಿ, ರೈಲಿಗಾಗಿ ಕೊರೆದು ರೈಲು ಓಡದೆ ಉಳಿದ ಸುರಂಗದಲ್ಲಿ ಪೀಪಾಯಿಗಳನ್ನು ಇಡುತ್ತಾರೆ. ಬೇಸಿಗೆ ಚಳಿಗಾಲವೆನ್ನದೆ ಅಲ್ಲಿ 15 ಡಿಗ್ರಿ ಆಸುಪಾಸು. ಇದು ಮಾಲ್ಟ್ (ಮೊಳಕೆ ಬಾರ್ಲಿಯ) ಮತ್ತು ಗ್ರೇನ್ (ಬೇರೆ ಧಾನ್ಯವೂ ಸೇರಿದ) ವಿಸ್ಕಿ ಬೆರೆತ ಬ್ಲೆಂಡ್. ಲೋಟ ಮೂಗಿನ ಹತ್ತಿರ ತಂದರೆ ಮೊದಲು ಜೇನು, ಸೇಬು, ಸ್ವಲ್ಪ ವೆನಿಲಾ. ಅದರ ಹಿಂದೆ ಬಚ್ಚಲ ಒಲೆ ಆರಿದ ಮೇಲೆ ಗೋಡೆಯಲ್ಲಿ ಉಳಿಯುವಂಥ ತಣ್ಣನೆಯ ಹೊಗೆ. ಬಾಯಿಗೆ ಹೋದಾಗ ಅದೇ ಹೊಗೆ ಹಿಂದೆ ಸರಿಯುತ್ತದೆ. ನಾಲಿಗೆಯ ಮೇಲೆ ಸಿಹಿ, ಗ್ರೇನ್‌ನ ಹಗುರ, ಕೊನೆಗೆ ಚಿಟಿಕೆ ಬೂದಿ. ನುಂಗಿದ ಮೇಲೆ 15-20 ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಪೀಪಾಯಿಯಿಂದ ಬಂದ ಹೊಗೆಯ ಗುಣವೇ ಇದು. ಹಲಗೆಯಿಂದ ಇಳಿಯುವ ಫೀನಾಲ್ ಅಷ್ಟಿಷ್ಟೇ. ಅದು ಮೂಗಿಗೆ ಸಾಕಾಗುತ್ತದೆ, ಗಂಟಲಿಗೆ ಸಾಲುವುದಿಲ್ಲ. ಒಂದೇ ಪೀಪಾಯಿಯನ್ನು ಮತ್ತೆ ಮತ್ತೆ ತುಂಬಿದಂತೆ ಅದೂ ಕರಗುತ್ತದೆ. ಮಂಜುಗಡ್ಡೆ ಹಾಕಿದರೆ ಇಲ್ಲಿರುವ ಒಳ್ಳೆಯದೆಲ್ಲ ಹೋಯಿತು, ಚಳಿಗೆ ಘಮ ಏಳುವುದೇ ಇಲ್ಲ.

ಹಳೆಯ ತೊಗೌಚಿ ಬಾಟಲಿ ಕಂಡರೆ ಲೇಬಲ್ ಓದಿ ಕೊಳ್ಳಿ. ಆ ಕಾಲದ ಬ್ಲೆಂಡ್‌ಗಳಲ್ಲಿ ಹೊರದೇಶದಿಂದ ತಂದ ವಿಸ್ಕಿ ಇರುತ್ತಿತ್ತು. ಜಪಾನಿನ ತಯಾರಕರ ಸಂಘ 2021ರ ಏಪ್ರಿಲ್‌ನಿಂದ ತಂದ ನಿಯಮದಂತೆ, ‘ಜಪಾನೀಸ್ ವಿಸ್ಕಿ’ ಎಂದು ಬರೆಯಬೇಕಾದರೆ ಬಟ್ಟಿ ಇಳಿಸುವುದು, 700 ಲೀಟರ್ ಮೀರದ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಡುವುದು, ಬಾಟಲಿಗೆ ತುಂಬುವುದು ಎಲ್ಲವೂ ಜಪಾನಿನಲ್ಲೇ ಆಗಬೇಕು. ಪೀಪಾಯಿ ಸ್ಕಾಟ್ಲೆಂಡಿನಿಂದ ಬಂದರೆ ಅಡ್ಡಿಯಿಲ್ಲ.

ಹಕುಶುವಿನ ಹೊಗೆ ಕಾಳಿನದು, ಆದರೆ ಬಹಳ ಮಿತ. ಯಾಮಾನಾಶಿಯ ಕಾಡಿನ ನಡುವೆ 1973ರಲ್ಲಿ ಶುರುವಾದ ಡಿಸ್ಟಿಲರಿ. ಪುದೀನ, ಹೆಚ್ಚಿದ ಸೌತೆಕಾಯಿ, ಹಸಿರು ಪೇರು, ಕೊನೆಯಲ್ಲಿ ದೂರದ ಸೌದೆ ಹೊಗೆ. ತಮಾಷೆಯೆಂದರೆ ಮೂಗಿನಲ್ಲಿ ಇದರ ಹೊಗೆ ತೊಗೌಚಿಗಿಂತ ಕಡಿಮೆ. ನುಂಗಿದ ಮೇಲೆ ಮಾತ್ರ ಅದರ ಎರಡರಷ್ಟು ಹೊತ್ತು ಉಳಿಯುತ್ತದೆ. ಕಾಳಿನ ಹೊಗೆ ಅಂದರೆ ಏನೆಂದು ಒಂದೇ ಗುಟುಕಿನಲ್ಲಿ ತಿಳಿಯಬೇಕಾದರೆ ಈ ಎರಡನ್ನು ಪಕ್ಕದಲ್ಲಿಟ್ಟರೆ ಸಾಕು. 12 ವರ್ಷದ್ದು ದುಬಾರಿ, ಸಿಗುವುದೂ ಕಷ್ಟ; ಹಕುಶುವಿನದೇ ಡಿಸ್ಟಿಲರ್ಸ್ ರಿಸರ್ವ್ ಕೂಡ ಇದೇ ದಾರಿಯದು, ಸ್ವಲ್ಪ ಎಳೆಯದು.

ಫ್ಯೂಷನ್ 2009ರಲ್ಲಿ ಬಂದದ್ದು: ಮುಕ್ಕಾಲು ಪಾಲು ನಮ್ಮ ದೇಶದ ಬಾರ್ಲಿ, ಕಾಲು ಪಾಲು ಸ್ಕಾಟ್ಲೆಂಡಿನ ಪೀಟ್ ಬಾರ್ಲಿ. ಬೇರೆ ಬೇರೆ ಬಟ್ಟಿ ಇಳಿಸಿ ಆಮೇಲೆ ಕೂಡಿಸುತ್ತಾರೆ. ಬೆಂಗಳೂರಿನ ಸೆಕೆಗೆ ವರ್ಷಕ್ಕೆ ಪೀಪಾಯಿಯ 10-12% ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಅದು 2% ಆಸುಪಾಸು. ಅದೇ ಸೆಕೆಗೆ ಓಕ್‌ನ ರುಚಿಯೂ ಬೇಗ, ಜೋರಾಗಿ ಇಳಿಯುತ್ತದೆ. ಬೆಲ್ಲ, ಕಿತ್ತಳೆ ಸಿಪ್ಪೆ, ಕಾಫಿ, ಅದರ ಅಡಿಯಲ್ಲಿ ಹೊಗೆ. ಕಾಲು ಪಾಲೇ ಆದರೂ ತೊಗೌಚಿಗಿಂತ ಎಷ್ಟೋ ಗಟ್ಟಿ.

ಯೊಇಚಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಸ್ಕಾಟ್ಲೆಂಡಿನಲ್ಲಿ ಕಲಿತು ಬಂದ ಮಸತಾಕ ತಕೆತ್ಸುರು 1934ರಲ್ಲಿ ಹೊಕ್ಕೈಡೊದಲ್ಲಿ ಕಟ್ಟಿದ ಈ ಡಿಸ್ಟಿಲರಿಯಲ್ಲಿ ಇಂದಿಗೂ ಹಂಡೆಯ ಕೆಳಗೆ ಕಲ್ಲಿದ್ದಲು ಉರಿಸುತ್ತಾರೆ. ವಿಸ್ಕಿಯ ಹೊಗೆ ಆ ಕಲ್ಲಿದ್ದಲಿನದಲ್ಲ. ಉರಿ ಹೊರಗಿರುತ್ತದೆ, ಅದರ ಹೊಗೆ ಚಿಮಣಿಗೆ ಹೋಗುತ್ತದೆ. ನೇರ ಉರಿಗೆ ಹಂಡೆಯ ತಳದಲ್ಲಿ ದ್ರವ ಸ್ವಲ್ಪ ಸೀಯುತ್ತದೆ, ಅಲ್ಲಿಂದ ಹುರಿದ ರುಚಿ. ಹೊಗೆ ಮಾತ್ರ ಪೀಟ್ ಕಾಳಿನದೇ. ಎರಡೂ ಕೂಡಿದಾಗ ಸುಟ್ಟ ಜೋಳದ ತೆನೆ, ಕಡಲ ಉಪ್ಪು, ಎಣ್ಣೆಯ ಜಿಡ್ಡು, ಗಂಟಲಲ್ಲಿ ನಿಮಿಷಗಟ್ಟಲೆ ಹೊಗೆ. ನಾಲ್ಕರಲ್ಲಿ ನೀರಿಲ್ಲದೆ ಕುಡಿಯಲು ಇದೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ಸೋಡಾ ಹಾಕಿದಾಗ ಸಾಲು ಬದಲಾಗುತ್ತದೆ. ಹಕುಶು 30 ಮಿ.ಲೀ.ಗೆ ತಣ್ಣನೆಯ ಸೋಡಾ 90, ಅಂಗೈಯಲ್ಲಿ ತಟ್ಟಿದ ಒಂದು ಪುದೀನ ಎಲೆ: ಜಪಾನಿನ ಹೈಬಾಲ್ ಇದಕ್ಕಿಂತ ಚೆನ್ನಾಗಿ ಆಗುವುದಿಲ್ಲ. ತೊಗೌಚಿಗೂ ಇದೇ ಅಳತೆಯ ಸೋಡಾ ಸುರಿಯುವುದು ತಪ್ಪು. ಜನ 120 ತನಕ ಹಾಕುತ್ತಾರೆ, ಆಗ ಲೋಟದಲ್ಲಿ 8% ಮಾತ್ರ ಉಳಿದು ಬರೀ ಸೋಡಾ ಕುಡಿದ ಹಾಗಾಗುತ್ತದೆ. 75ಕ್ಕೆ ನಿಲ್ಲಿಸಿದರೆ 11%ಕ್ಕಿಂತ ಸ್ವಲ್ಪ ಮೇಲಿರುತ್ತದೆ, ಗುಳ್ಳೆಗಳು ಆ ಪೀಪಾಯಿ ಹೊಗೆಯನ್ನು ಮೂಗಿಗೆ ಎತ್ತಿ ಕೊಡುತ್ತವೆ. ಚಮಚದಿಂದ ಒಂದೇ ಸಲ ಕೆಳಗಿಂದ ಮೇಲಕ್ಕೆ ತಿರುವಿ; ಕದಡಿದರೆ ಗುಳ್ಳೆ ಹೋಗುತ್ತದೆ. ಲಿಂಬೆ ಬೇಡ, ಹುಳಿ ಮೊದಲು ನುಂಗುವುದೇ ಹೊಗೆಯನ್ನು. ಫ್ಯೂಷನ್ 100 ಮಿ.ಲೀ. ಸೋಡಾ ತಡೆಯುತ್ತದೆ. ಯೊಇಚಿಯನ್ನು ಸೋಡಾಕ್ಕೆ ಹಾಕಿದರೆ ಕೆಡುವುದಿಲ್ಲ, ಆದರೆ ಅದರ ಜಿಡ್ಡು ತೆಳುವಾಗುವುದು ನೋಡಲು ಬೇಸರ.

ಬಾಟಲಿ ತೆರೆದ ಮೇಲೆ ಮೊದಲು ಬಡವಾಗುವುದೂ ತೊಗೌಚಿಯೇ. ಅರ್ಧಕ್ಕಿಂತ ಕೆಳಗೆ ಇಳಿದರೆ ಒಳಗಿನ ಗಾಳಿಗೆ ಕೆಲವೇ ತಿಂಗಳಲ್ಲಿ ಹೊಗೆ ಮಂಕಾಗಿ ಜೇನಿನ ಸಿಹಿ ಮಾತ್ರ ಉಳಿಯುತ್ತದೆ. ಉಳಿದದ್ದನ್ನು ಚೆನ್ನಾಗಿ ತೊಳೆದು ಒಣಗಿಸಿದ 200 ಮಿ.ಲೀ. ಗಾಜಿನ ಬಾಟಲಿಗೆ ಕುತ್ತಿಗೆಯ ತನಕ ತುಂಬಿ, ಬಿಸಿಲು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಅಡ್ಡ ಮಲಗಿಸಿದರೆ ವಿಸ್ಕಿ ತಾಗಿ ಕಾರ್ಕ್ ಸಡಿಲವಾಗುತ್ತದೆ.