ಅಟ್ಟಣೆ, ಮರಸು, ಹಳು: ಹಂಚಿಕೊಂಡ ಶಿಬಿರದಲ್ಲಿ ಜಿಂಕೆ ಬೇಟೆಯ ಮೂರು ದಾರಿಗಳು

ಪೆನ್ಸಿಲ್ವೇನಿಯಾದ ಉತ್ತರ ಭಾಗದಲ್ಲಿರುವ ಪಾಟರ್ ಕೌಂಟಿಯ ಗುಡ್ಡಗಳ ನಡುವೆ, ಗೆಳೆಯರು ಸೇರಿ ಖರ್ಚು ಹಂಚಿಕೊಂಡು ನಡೆಸುವ ಬೇಟೆಯ ಶಿಬಿರವೊಂದರಲ್ಲಿ, ಬಿಳಿಬಾಲದ ಜಿಂಕೆಯ ಬೇಟೆಯನ್ನು ನಾನು ಮೂರು ರೀತಿಯಲ್ಲಿ ಮಾಡಿ ನೋಡಿದ್ದೇನೆ: ಏಣಿಯುಳ್ಳ ಅಟ್ಟಣೆಯ ಮೇಲೆ ಕುಳಿತು, ನೆಲದ ಮೇಲಿನ ಬಟ್ಟೆಯ ಗುಡಾರದೊಳಗೆ ಮರಸು (ಅಡಗಿ) ಕುಳಿತು, ಮತ್ತು ಕೆಲವರು ಹಳು (ದಟ್ಟ ಪೊದೆ) ನುಗ್ಗಿ ಜಿಂಕೆಗಳನ್ನು ಎಬ್ಬಿಸಿದಾಗ ಉಳಿದವರ ಜೊತೆ ಬಿಲ್ಲಿಗೆ, ಎಂದರೆ ಅವು ಹಾಯುವ ಜಾಗದಲ್ಲಿ ಕೋವಿ ಹಿಡಿದು ಕಾಯಲು, ನಿಂತು. ಯಾವುದರಲ್ಲಿ ಹೆಚ್ಚು ಜಿಂಕೆ ಸಿಗುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಒಂಟಿಯಾಗಿ ಬೇಟೆಗೆ ಹೋಗುವವರಿಗೆ ಆ ಪ್ರಶ್ನೆಯೇ ಸಾಕು. ಆದರೆ ಒಂದೇ ದಿಣ್ಣೆಯ ಆಚೀಚೆ ನಾಲ್ಕಾರು ಗೆಳೆಯರು ಚದುರಿ ಕುಳಿತಿರುವಾಗ, ಹಾರಿಸಿದ ಗುಂಡು ಜಿಂಕೆಯನ್ನು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಮೊದಲು ನೋಡಬೇಕೆಂದು ನನಗನ್ನಿಸುತ್ತದೆ. ಈ ಹೋಲಿಕೆಯನ್ನು ಹೆಚ್ಚಾಗಿ ಆ ಅಳತೆಯಿಂದಲೇ ಮಾಡಿದ್ದೇನೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆಯ ಬೇಟೆ ಅಪರಾಧ. ಇಲ್ಲಿ ಅದು ರಾಜ್ಯದ ಗೇಮ್ ಕಮಿಷನ್ ಪರವಾನಗಿ ಕೊಟ್ಟು, ದಿನಗಳನ್ನು ಗೊತ್ತುಮಾಡಿ ನಡೆಸುವ ವ್ಯವಸ್ಥೆ. ರೈಫಲ್ ಬೇಟೆ ಹಿಂದೆ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಸೋಮವಾರ ಆರಂಭವಾಗುತ್ತಿತ್ತು; 2019ರಿಂದ ಅದು ಶನಿವಾರಕ್ಕೆ ಬಂದಿದೆ. ರಜೆ ಹಾಕದೆಯೇ ಬರಬಹುದಾದ್ದರಿಂದ ಮೊದಲ ದಿನ ನಮ್ಮ ಶಿಬಿರದಲ್ಲಿ ಮಲಗಲು ಜಾಗ ಸಿಗುವುದೂ ಕಷ್ಟ, ಕಾಡಿನಲ್ಲಿಯೂ ಅಷ್ಟೇ ಜನ. ತಲೆ, ಎದೆ, ಬೆನ್ನು ಸೇರಿ ಕನಿಷ್ಠ 250 ಚದರ ಅಂಗುಲ ಎದ್ದು ಕಾಣುವ ಕಿತ್ತಳೆ ಬಣ್ಣ ಧರಿಸುವುದು ಕಡ್ಡಾಯ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ನಮಗೆ ಕಂಡಂತೆ ಹೊಳೆಯುವುದಿಲ್ಲ. ನೀಲಿ ಬಣ್ಣವೇ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಕಿತ್ತಳೆ ಅಂಗಿಯ ಬಗ್ಗೆ ಗೊಣಗುತ್ತ ನೀಲಿ ಜೀನ್ಸ್ ತೊಟ್ಟು ಬರುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಅಟ್ಟಣೆಯನ್ನು ಹೊಗಳುವವರು ಸಾಮಾನ್ಯವಾಗಿ ಎರಡು ಕಾರಣ ಕೊಡುತ್ತಾರೆ: ಜಿಂಕೆ ತಲೆಯೆತ್ತಿ ನೋಡುವುದು ಕಡಿಮೆ, ಮತ್ತು ಮನುಷ್ಯನ ವಾಸನೆ ಮೇಲಿಂದ ಮೇಲೆಯೇ ಹೋಗುತ್ತದೆ. ಗುಡ್ಡದ ಕಾಡಿನಲ್ಲಿ ಎರಡನೆಯ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಬೆಳಗಿನ ಜಾವದಲ್ಲಿ ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಅಟ್ಟಣೆ ಎಷ್ಟೇ ಎತ್ತರದಲ್ಲಿದ್ದರೂ ಕಣಿವೆಯ ಜಿಂಕೆಗೆ ವಾಸನೆ ತಲುಪುವುದನ್ನು ಕಂಡಿದ್ದೇನೆ. ಅಟ್ಟಣೆಯ ನಿಜವಾದ ಲಾಭ ಗುಂಡಿನ ಕೋನ. ಕೋವಿಯ ತುದಿ ನೆಲದಿಂದ 20 ಅಡಿ ಎತ್ತರದಲ್ಲಿದ್ದು, ಸಮತಟ್ಟಾದ ಜಾಗದಲ್ಲಿ 50 ಗಜ ದೂರದ ಜಿಂಕೆಯ ಎದೆಗೆ ಗುಂಡು ಹೊಡೆದರೆ, ಅದು ಜಿಂಕೆಯನ್ನು ದಾಟಿ ಇನ್ನು ಸುಮಾರು 20 ಅಡಿಯೊಳಗೆ ಮಣ್ಣಿಗೆ ಬೀಳುತ್ತದೆ. ಕುರ್ಚಿಯಲ್ಲಿ ಕುಳಿತು ಹೊಡೆದ ಅದೇ ಗುಂಡು ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಹೋಗುತ್ತದೆ, ಮತ್ತು ತರ್ಟಿ-ಆಟ್-ಸಿಕ್ಸ್‌ನಂಥ ರೈಫಲ್ಲಿನ ಗುಂಡಿಗೆ ಎರಡು ಮೈಲಿಗೂ ಮೀರಿ ಹೋಗುವ ಶಕ್ತಿಯಿದೆ. ಆಚೆ ದಿಣ್ಣೆಯಲ್ಲಿ ಗೆಳೆಯ ಕುಳಿತಿರುವಾಗ ಈ ವ್ಯತ್ಯಾಸದ ಮುಂದೆ ಉಳಿದ ಲಾಭಗಳೆಲ್ಲ ಚಿಕ್ಕವು. ಇಳಿಜಾರಿನ ಕೆಳಮುಖವಾಗಿ ಹೊಡೆಯುವಾಗ ನೆಲವೂ ಗುಂಡಿನ ಜೊತೆಗೆ ಇಳಿಯುತ್ತ ಹೋಗುವುದರಿಂದ ಈ ಲಾಭ ಕರಗುತ್ತದೆ. ಹಾಗಾಗಿ ಅಟ್ಟಣೆಯ ಮುಖವನ್ನು ಗುಡ್ಡದ ಮೇಲ್ಭಾಗಕ್ಕೆ ತಿರುಗಿಸಿ ಕಟ್ಟುವುದು ಒಳ್ಳೆಯದು.

ಅಟ್ಟಣೆಯ ಕಷ್ಟಗಳೂ ಸಣ್ಣವಲ್ಲ. ಬೀಳುವ ಅಪಾಯ ಎಲ್ಲಕ್ಕಿಂತ ದೊಡ್ಡದು. ಎದೆ, ಭುಜ, ತೊಡೆಗಳನ್ನು ಸುತ್ತುವ ಪಟ್ಟಿಯನ್ನು ನೆಲ ಬಿಡುವ ಮೊದಲೇ ಮರದ ಹಗ್ಗಕ್ಕೆ ಸಿಕ್ಕಿಸಿಕೊಂಡು, ಏರುವಾಗ ಕುಣಿಕೆಯನ್ನು ಒಂದೊಂದೇ ಮೆಟ್ಟಿಲಿಗೆ ಮೇಲಕ್ಕೆ ಸರಿಸುತ್ತ ಹೋಗಬೇಕು. ರೈಫಲ್ಲನ್ನು ಬೆನ್ನಿಗೆ ಹಾಕಿಕೊಂಡು ಏರುವಂತಿಲ್ಲ. ಗುಂಡು ತೆಗೆದು, ಅದನ್ನು ಹಗ್ಗಕ್ಕೆ ಕಟ್ಟಿ, ಮೇಲೆ ಕುಳಿತ ನಂತರ ಎಳೆದುಕೊಳ್ಳಬೇಕು. ಮರವನ್ನು ತಬ್ಬಿಕೊಂಡು ಮೇಲೇರುವ, ಏಣಿಯಿಲ್ಲದ ಅಟ್ಟಣೆಯನ್ನೂ ನೋಡಿದೆ. ನಯವಾದ ತೊಗಟೆಯ ಬೀಚ್ ಮರಕ್ಕೆ ಮಂಜು ಹಿಡಿದಿದ್ದಾಗ ಅದು ಜಾರುವ ರೀತಿ ಕಂಡ ಮೇಲೆ, ಭಾರವಾದರೂ ಏಣಿಯ ಅಟ್ಟಣೆಯೇ ಇರಲಿ ಎಂದು ನಿರ್ಧರಿಸಿದೆವು. ಸರ್ಕಾರಿ ಕಾಡಿನಲ್ಲಿ ಮರಕ್ಕೆ ಹಾನಿ ಮಾಡಿ ಅಟ್ಟಣೆ ಕಟ್ಟುವಂತಿಲ್ಲವಾದ್ದರಿಂದ ಮೊಳೆ ಹೊಡೆಯುವ ಮಾತೇ ಇಲ್ಲ. ಇನ್ನು ಚಳಿ. ಡಿಸೆಂಬರಿನ ಗಾಳಿಗೆ ಮರದೊಂದಿಗೆ ನಾವೂ ತೂಗುತ್ತಿರುವಾಗ ಎರಡು ಗಂಟೆಗಿಂತ ಹೆಚ್ಚು ಅಲುಗಾಡದೆ ಕೂರುವುದು ನಮ್ಮಲ್ಲಿ ಬಹಳ ಮಂದಿಗೆ ಆಗದು.

ನೆಲದ ಗುಡಾರ ಇದಕ್ಕೆ ಪೂರ್ತಿ ವಿರುದ್ಧ. ಅದನ್ನು ಹತ್ತಿಪ್ಪತ್ತು ದಿನ ಮೊದಲೇ ಹೆಮ್ಲಾಕ್ ಮರಗಳ ಅಂಚಿನಲ್ಲಿ ನಿಲ್ಲಿಸಿ, ಸುತ್ತ ಕೊಂಬೆಗಳನ್ನು ಒರಗಿಸಿಬಿಟ್ಟರೆ ಜಿಂಕೆಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಒಂದೇ ಬದಿಯ ಕಿಟಕಿ ತೆರೆದು ಹಿಂದಿನದನ್ನೆಲ್ಲ ಮುಚ್ಚಿದರೆ ಒಳಗೆ ಕತ್ತಲೆ ತುಂಬಿ, ಕೈ ಆಡಿಸಿದರೂ ಹೊರಗೆ ಕಾಣುವುದಿಲ್ಲ. ಎರಡೂ ಬದಿ ತೆರೆದರೆ ನಮ್ಮ ನೆರಳು ಬೆಳಕಿಗೆ ಅಡ್ಡ ಬಂದು ಎಲ್ಲ ಕೆಡುತ್ತದೆ. ಮೊಣಕಾಲು ನೋವಿನವರು, ವಯಸ್ಸಾದವರು, ಮೊದಲ ಸಲ ಬಂದವರು ಎಲ್ಲರೂ ಕೂರಬಹುದು. ಹೊಸಬರ ಪಕ್ಕದಲ್ಲಿ ಅನುಭವಿಯೊಬ್ಬರು ಕುಳಿತು, ಯಾವ ಜಿಂಕೆಗೆ ಕಾಯಬೇಕು, ಯಾವುದನ್ನು ಬಿಡಬೇಕು ಎಂದು ಪಿಸುಮಾತಿನಲ್ಲಿ ಹೇಳಿಕೊಡುವ ಅನುಕೂಲ ಒಬ್ಬರೇ ಕೂರುವ ಅಟ್ಟಣೆಯಲ್ಲಿ ಇಲ್ಲವೇ ಇಲ್ಲ. ಫ್ಲಾಸ್ಕಿನಲ್ಲಿ ಕಾಫಿಯೂ ಇರುತ್ತದೆ. ಗ್ಯಾಸ್ ಹೀಟರ್ ಇಟ್ಟುಕೊಳ್ಳುವವರು ಗಾಳಿಯಾಡಲು ಜಾಗ ಬಿಡಲೇಬೇಕು. ರಾತ್ರಿ ಹಿಮ ಬಿದ್ದರೆ ಗುಡಾರದ ಚಾವಣಿ ಕುಸಿದು ಕಡ್ಡಿ ಮುರಿಯುವುದು ಇದರ ಸಾಮಾನ್ಯ ರೋಗ.

ಆದರೆ ಗುಡಾರದೊಳಗಿಂದ ಕಾಣುವುದು ಕಿಟಕಿಯಷ್ಟೇ. ಆಚೀಚೆ ಯಾರು ನಡೆದು ಬರುತ್ತಿದ್ದಾರೆಂದು ತಿಳಿಯುವುದಿಲ್ಲ, ಒಳಗೆ ಕುಳಿತವರ ಕಿತ್ತಳೆ ಅಂಗಿಯೂ ಹೊರಗಿನವರಿಗೆ ಕಾಣುವುದಿಲ್ಲ. ಗುಂಡು ನೆಲಮಟ್ಟದಲ್ಲಿ ಹಾರುವ ಕಡೆಯೇ ನೋಟವೂ ಕಡಿಮೆ ಎಂಬುದು ಇದರ ದೊಡ್ಡ ದೋಷ. ಗುಡಾರದ ನಾಲ್ಕೂ ಬದಿಗೆ ಕಿತ್ತಳೆ ಬಟ್ಟೆ ಕಟ್ಟುವುದರಿಂದ ಅರ್ಧ ಪರಿಹಾರ. ಇನ್ನರ್ಧ, ಕಿಟಕಿಯ ನೇರಕ್ಕೆ ಕಡಿದಾದ ಗುಡ್ಡದ ಮೈ ಇರುವ ಜಾಗವನ್ನು ಹುಡುಕುವುದು. ಅಂಥ ಜಾಗ ಸಿಕ್ಕರೆ ನಮ್ಮ ಶಿಬಿರಕ್ಕೆ ಗುಡಾರವೇ ಮೇಲು ಎನ್ನುತ್ತೇನೆ. ಸಿಗದಿದ್ದರೆ ಎಷ್ಟೇ ಸುಖವಿದ್ದರೂ ಬೇಡ.

ಹಳು ನುಗ್ಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲೆರಡು ದಿನದ ಈಡಿನ ಸದ್ದಿಗೆ ಜಿಂಕೆಗಳು ಮೌಂಟನ್ ಲಾರೆಲ್‌ನ ಪೊದೆಗಳಲ್ಲಿ ಅಡಗಿ, ಹಗಲಿನಲ್ಲಿ ಹೊರಬರುವುದನ್ನೇ ಬಿಟ್ಟಾಗ ಇದೊಂದೇ ಫಲ ಕೊಡುವ ದಾರಿ, ಶಿಬಿರವೆಲ್ಲ ಒಟ್ಟಿಗೆ ಆಡುವ ಬೇಟೆಯೂ ಇದೊಂದೇ. ಆದರೆ ಜಿಂಕೆ ಓಡುತ್ತ ಬರುತ್ತದೆ, ಗಾಯಗೊಂಡು ತಪ್ಪಿಸಿಕೊಳ್ಳುವುದು ಹೆಚ್ಚು, ಮತ್ತು ಕೋವಿಯ ಮುಂದೆ ನಮ್ಮವರೇ ನಡೆದು ಬರುತ್ತಿರುತ್ತಾರೆ. ಗದ್ದಲ ಮಾಡುತ್ತ ಹತ್ತು ಜನ ನುಗ್ಗಿದರೆ ಜಾಣ ಗಂಡುಜಿಂಕೆಗಳು ನುಗ್ಗುವವರ ನಡುವೆಯೇ ನುಸುಳಿ ಹಿಂದಕ್ಕೆ ಹೋಗುತ್ತವೆ. ಇಬ್ಬರು ಮೂವರು ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಆಗಾಗ ನಿಂತು, ನಿಧಾನವಾಗಿ ನಡೆದರೆ ಸಾಕು. ವಾಸನೆಗೇ ಎದ್ದ ಜಿಂಕೆ ಓಡದೆ ಹೆಜ್ಜೆ ಹಾಕುತ್ತ ಬಿಲ್ಲಿನ ಮುಂದೆ ಹಾಯುತ್ತದೆ. ನುಗ್ಗುವವರ ಕೈಯಲ್ಲಿ ಗುಂಡು ತುಂಬಿದ ಕೋವಿ ಇರಬಾರದು, ಬಿಲ್ಲಿಗೆ ನಿಂತವರು ಜಿಂಕೆ ತಮ್ಮನ್ನು ದಾಟಿ ಹಿಂದಕ್ಕೆ ಹೋಗುವ ತನಕ ಹೊಡೆಯಬಾರದು ಎಂಬ ಎರಡು ನಿಯಮಗಳನ್ನು ಒಪ್ಪದವರು ಇರುವ ದಿನ ನಾನು ಅಡುಗೆಗೆ ನಿಲ್ಲುತ್ತೇನೆ.

ಈಗ ನಮ್ಮಲ್ಲಿ ಮೊದಲ ಶನಿವಾರ, ಕಾಡಿನಲ್ಲಿ ಜನ ಹೆಚ್ಚಿರುವ ಕಾರಣಕ್ಕೇ, ಹತ್ತಬಲ್ಲವರೆಲ್ಲ ಅಟ್ಟಣೆಗೆ. ಕಿಟಕಿಯ ನೇರಕ್ಕೆ ಗುಡ್ಡದ ಮೈ ಇರುವ ಎರಡು ಗುಡಾರಗಳು ಹಿರಿಯರಿಗೆ ಮತ್ತು ಹೊಸಬರಿಗೆ. ಹಳು ನುಗ್ಗುವುದು ವಾರದ ನಡುವೆ, ಜನ ಕರಗಿದ ಮೇಲೆ. ಬಾಗಿಲ ಪಕ್ಕದ ಹಲಗೆಗೆ ಆ ಪ್ರದೇಶದ ನಕ್ಷೆ ಅಂಟಿಸಿ, ಪ್ರತಿಯೊಬ್ಬರ ಹೆಸರಿನ ಗುಂಡುಸೂಜಿ ಇಟ್ಟಿದ್ದೇವೆ. ಹೊರಡುವ ಮೊದಲು ಸೂಜಿ ಚುಚ್ಚಬೇಕು, ಮಧ್ಯಾಹ್ನ 12ರವರೆಗೆ ಜಾಗ ಬಿಡಬಾರದು. ಹೊಡೆದ ಜಿಂಕೆ ಕಣ್ಣೆದುರಿಗೇ ಬಿದ್ದಿದ್ದರೆ ಅದು ಅಲ್ಲಿಯೇ ಇರಲಿ. ಗಾಯಗೊಂಡದ್ದು ಓಡಿದರೆ ಮಾತ್ರ ಅರ್ಧ ಗಂಟೆ ಕಾದು, ಕಿತ್ತಳೆ ಟೋಪಿಯನ್ನು ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದುಕೊಂಡು, ರಕ್ತದ ಜಾಡು ನೋಡುತ್ತ ಹೋಗಬಹುದು.