ಡಿಸ್ಕ್ ಇಲ್ಲದ್ದು ಬೇಡ: ಲ್ಯಾಮಿಂಗ್ಟನ್ ರೋಡಿನ ಹುಡುಗ ಹೇಳಿದ್ದೇ ಸರಿ

ಮುಂಬಯಿ ಪಕ್ಕದ ಡೊಂಬಿವಲಿಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಗ್ರ್ಯಾಂಟ್ ರೋಡಿನಲ್ಲಿ ಇಳಿಯುವ ತನಕ ನನ್ನ ತಲೆಯಲ್ಲಿದ್ದದ್ದು ಡಿಸ್ಕ್ ಡ್ರೈವ್ ಇಲ್ಲದ, ಆಟಗಳನ್ನು ಡೌನ್‌ಲೋಡ್ ಮಾಡಿಯೇ ಆಡಬೇಕಾದ ಪಿಎಸ್ 5, ಅಂದರೆ ಸೋನಿಯ ವಿಡಿಯೋ ಗೇಮ್ ಮಷೀನು. ಸ್ಲಿಮ್ ಮಾಡೆಲ್ 2024ರಲ್ಲಿ ನಮ್ಮಲ್ಲಿ ಬಂದಾಗ ಅದಕ್ಕೆ 44,990 ರೂಪಾಯಿ, ಡಿಸ್ಕ್ ಹಾಕುವಂಥದ್ದಕ್ಕೆ 54,990. ಹತ್ತು ಸಾವಿರ ಸುಮ್ಮನೆ ಯಾಕೆ ಕೊಡೋದು?

ಲ್ಯಾಮಿಂಗ್ಟನ್ ರೋಡಿನ ಆ ಅಂಗಡಿ ಅಂದರೆ ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವ ರಸ್ತೆಯಲ್ಲಿ. ನಾನು ಮನೆಯವಳ ಜೊತೆ ಫೋನಿನಲ್ಲಿ ಮಾತಾಡಿದ್ದು ಕೇಳಿ ಕೌಂಟರಿನ ಹುಡುಗ, "ಯಾವೂರ್ರಿ ಅಣ್ಣಾ?" ಅಂದ. ಅವನು ಸಿಂದಗಿಯವನು. ಮಾಲೀಕ ಒಳಗೆ ಹೋದದ್ದೇ ತಡ, ದನಿ ಇಳಿಸಿ ಹೇಳಿದ: "ಡಿಸ್ಕ್ ಹಾಕೂದ ತಗೋರಿ. ಆಟ ಮುಗಿದ ಮ್ಯಾಲೆ ಇಲ್ಲೇ ತಂದು ಕೊಡ್ರಿ. ಡೌನ್‌ಲೋಡ್ ಮಾಡಿದ್ದನ್ನ ಯಾರಿಗೆ ಮಾರ್ತೀರಿ?"

ಲೆಕ್ಕ ಅವನದೇ ಸರಿ, ಡಿಸ್ಕ್ ಹಾಕುವಂಥದ್ದನ್ನೇ ತಗೊಂಡೆ. ದೊಡ್ಡ ಆಟ ಹೊಸದಕ್ಕೆ ಆಗ 4,999 ರೂಪಾಯಿ ಇತ್ತು. ನಾನು ಸ್ಪೈಡರ್‌ಮ್ಯಾನ್ 2 ಹಳೆಯ ಡಿಸ್ಕನ್ನು 2,400ಕ್ಕೆ ತಂದೆ, ಮೂರು ವಾರ ಆಡಿ 1,900ಕ್ಕೆ ಕೊಟ್ಟೆ. ಐದುನೂರಕ್ಕೆ ಒಂದು ಆಟ! ಇಂಥ ಮೂರು ಆಟಕ್ಕೆ ಆ ಹತ್ತು ಸಾವಿರ ವಸೂಲು.

"ಜನ ಏನು ಕೇಳ್ಕೊಂಡು ಬರ್ತಾರಪ್ಪಾ?" ಅಂದೆ. "ಮಷೀನ್ ಯಾರ ಕೇಳ್ತಾರ್ರೀ, ಈ ಆಟ ಇದರಾಗ ನಡೀತದೇನು ಅಂತಾರ." ನಿಜವೇ. ನಿಂಟೆಂಡೊ ಕಂಪನಿಯ ವೀ ಅನ್ನುವ ಗೇಮ್ ಮಷೀನು 10 ಕೋಟಿ ದಾಟಿ ಮಾರಾಟವಾಗಿತ್ತು. ಅದರ ಬೆನ್ನಿಗೇ 2012ರಲ್ಲಿ ಬಂದ ವೀ ಯು ಸುಮಾರು 1.35 ಕೋಟಿಗೆ ನಿಂತಿತು. ಹೊಸ ಆಟಗಳು ತೀರಾ ಕಡಿಮೆ, ಹೆಸರು ಕೇಳಿ ಹಳೇ ವೀಗೆ ಜೋಡಿಸುವ ಸಾಮಾನು ಅಂದುಕೊಂಡವರೂ ಇದ್ದರು. 16 ಕೋಟಿ ಮುಟ್ಟಿದ ಸೋನಿಯ ಹಳೇ ಪಿಎಸ್ 2ರ ಕಥೆ ಇನ್ನೊಂದು. ಡಿವಿಡಿ ಪ್ಲೇಯರೂ ಅದೇ ಆಗಿದ್ದರಿಂದ ಅಪ್ಪಂದಿರ ಬಾಯಿ ಮುಚ್ಚಿಸುವುದು ಸಲೀಸಾಗಿತ್ತು. ನಮ್ಮಪ್ಪ ಮಾತ್ರ ಜಗ್ಗಲಿಲ್ಲ, ನಾನು ಹಳದಿ ಕ್ಯಾಸೆಟ್ಟಿನ ಮಾರಿಯೋದಲ್ಲೇ ದೊಡ್ಡವನಾದೆ.

ಈಗ ಅಂಗಡಿಯ ಮೇಲಿನ ನನ್ನ ತಕರಾರು. ಅವರು ಎರಡನೇ ಸಲ ಕೊಟ್ಟ ಡಿಸ್ಕಿನ ಅಂಚಿನಲ್ಲಿ ಉಗುರಿನಷ್ಟು ಗೀರು. ಇನ್‌ಸ್ಟಾಲ್ 62 ಪರ್ಸೆಂಟಿಗೆ ನಿಂತೇಬಿಟ್ಟಿತು. ವಾಪಸ್ ಒಯ್ದರೆ ಮಾಲೀಕರು ನಾನೇ ಗೀಚಿದ ಹಾಗೆ ನೋಡಿದರು. ಹುಡುಗ ಮಾತಾಡದೆ ಬೇರೆ ತೆಗೆದುಕೊಟ್ಟ, ಇಲ್ಲದಿದ್ದರೆ ಆ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ. ಕೌಂಟರಿನ ಗಾಜಿನ ಮೇಲಿನ ಟ್ಯೂಬ್‌ಲೈಟನ್ನು ನಂಬಬೇಡಿ, ಡಿಸ್ಕನ್ನು ಓರೆಯಾಗಿ ಹಿಡಿದು ಮೊಬೈಲ್ ಟಾರ್ಚ್ ಬಿಡಿ. ಆಟ ಪೂರ್ತಿ ಒಳಗೆ ಕಾಪಿ ಆದರೂ ಆಡುವಾಗ ಡಿಸ್ಕ್ ಒಳಗೇ ಇರಬೇಕು, ಅದೂ ತಿಳಿದಿರಲಿ.

ರವಿವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಬಂದ್. ಸಂಜೆ ಆರರ ಫಾಸ್ಟ್ ಗಾಡಿಗೆ ಮಷೀನಿನ ಡಬ್ಬ ಹಿಡಿದು ಹತ್ತಲೂಬೇಡಿ. ಠಾಣೆ ತನಕ ನಾನು ಅದನ್ನು ತಲೆಯ ಮೇಲೆ ಹೊತ್ತೇ ನಿಂತಿದ್ದೆ. ಪಕ್ಕದವರೊಬ್ಬರು ಕೇಳಿದ್ದೂ ಅದನ್ನೇ: "ಇದರಲ್ಲಿ ಕ್ರಿಕೆಟ್ ಬರುತ್ತಾ?"