ಟ್ರೇಲ್ಸ್ ಇನ್ ದ ಸ್ಕೈ: ಒಂಬತ್ತು ವರ್ಷ ಜೊತೆಗಿಟ್ಟುಕೊಂಡ ಮೇಲೆ

ಒಳ್ಳೆ ಕಥೆ ಇರುವ ಜಪಾನಿ ಆರ್‌ಪಿಜಿ, ಅಂದರೆ ಪಾತ್ರವಾಗಿ ಆಡುವ ವಿಡಿಯೋ ಗೇಮ್, ಯಾವುದು ಅಂತ ಯಾರು ಕೇಳಿದರೂ ನಾನು ಹೇಳುವುದು ಇದೊಂದನ್ನೇ. ಅವರಲ್ಲಿ ಅರ್ಧ ಜನ ನಾಲ್ಕು ಗಂಟೆ ಆಡಿ, ಏನೂ ಆಗಲೇ ಇಲ್ಲವಲ್ಲ ಮಾರಾಯ ಅಂತ ನನಗೇ ಬೈದು ಬಿಟ್ಟುಬಿಡುತ್ತಾರೆ. ಅವರದ್ದೂ ತಪ್ಪಿಲ್ಲ. ನಾನೂ ಮೊದಲ ಸಲ ಬಿಟ್ಟವನೇ.

ನಿಹಾನ್ ಫಾಲ್ಕಮ್ ಕಂಪನಿ ಇದನ್ನು ಜಪಾನಿನಲ್ಲಿ 2004ರಲ್ಲಿ ಪಿಸಿಗೆ ತಂದಿತ್ತು. ಇಂಗ್ಲಿಷಿನಲ್ಲಿ 2011ರಲ್ಲಿ ಪಿಎಸ್‌ಪಿ ಅನ್ನೋ ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂತು, 2014ರಲ್ಲಿ ಪಿಸಿ ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ. ನಾನು 2016ರ ಕೊನೆಯ ಸೇಲ್‌ನಲ್ಲಿ ತಗೊಂಡೆ. ಆಗ ನನ್ನ ಹತ್ತಿರ ಇದ್ದದ್ದು ಗ್ರಾಫಿಕ್ಸ್ ಕಾರ್ಡೇ ಇಲ್ಲದ ಕಾಲೇಜು ದಿನದ ಲ್ಯಾಪ್‌ಟಾಪ್. ಅದರಲ್ಲಿ ಫ್ಯಾನ್ ಸದ್ದು ಕೂಡ ಬರದ ಹಾಗೆ ಓಡಿತು. ಇನ್ನೊಂದು ಅನುಕೂಲ, ನಡೆದಾಡುವಾಗ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಗೊತ್ತಿಲ್ಲದ ಊರಿನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಇಟ್ಟುಕೊಂಡವನಿಗೆ ಇದು ದೊಡ್ಡ ವಿಷಯ. ಆದರೆ ಮಾತುಕತೆಯ ದೃಶ್ಯದ ನಡುವೆ ಸೇವ್ ಇಲ್ಲ, ಮತ್ತೆ ಆ ದೃಶ್ಯಗಳು ಚಿಕ್ಕವೂ ಅಲ್ಲ. ಒಂದೇ ದೃಶ್ಯವನ್ನು ಮೂರು ಸಲ ಓದಿದ್ದೇನೆ.

ಕಥೆ ಹೇಳಿ ಹಾಳು ಮಾಡುವುದಿಲ್ಲ. ಲಿಬರ್ಲ್ ಅಂತ ಒಂದು ಪುಟ್ಟ ರಾಜ್ಯ. ಹತ್ತು ವರ್ಷದ ಹಿಂದೆ ಪಕ್ಕದ ಸಾಮ್ರಾಜ್ಯ ದಂಡೆತ್ತಿ ಬಂದಿತ್ತು, ಈಗ ಶಾಂತವಾಗಿದೆ. ಎಸ್ಟೆಲ್ ಅನ್ನೋ ಹುಡುಗಿ, ಅವಳ ಮನೆಯಲ್ಲೇ ಬೆಳೆದ ಜೋಶುವಾ ಅನ್ನೋ ಹುಡುಗ, ಇಬ್ಬರಿಗೂ ಹದಿನಾರು. ಇಬ್ಬರೂ ಬ್ರೇಸರ್ ಕೆಲಸಕ್ಕೆ ಸೇರುತ್ತಾರೆ. ಬ್ರೇಸರ್ ಅಂದರೆ ಊರವರ ಕಷ್ಟಕ್ಕೆ ಕರೆದಾಗ ಹೋಗುವವರು, ಪೊಲೀಸೂ ಅಲ್ಲ, ಸೈನಿಕರೂ ಅಲ್ಲ. ಹೆಸರು ಪಕ್ಕಾ ಆಗಬೇಕಾದರೆ ರಾಜ್ಯದ ಐದು ಊರಿನ ಶಾಖೆಗಳಿಂದಲೂ ಶಿಫಾರಸು ಪತ್ರ ಬೇಕು. ಅಷ್ಟೇ ನೆಪ, ಆಟಪೂರ್ತಿ ಆ ಐದು ಊರು ಸುತ್ತುವುದು.

ನನಗೆ ಇದರ ಗುಟ್ಟು ಗೊತ್ತಾಗಿದ್ದು ಎರಡನೇ ಸಲ ಶುರು ಮಾಡಿದಾಗ. ಮೊದಲ ಸಲ ನಾನು ಎಲ್ಲ ಆಟದಲ್ಲೂ ಮಾಡುವ ಹಾಗೆ, ದಾರಿಯಲ್ಲಿ ಸಿಕ್ಕವರನ್ನು ಒಂದು ಸಲ ಮಾತಾಡಿಸಿ ಮುಂದೆ ಓಡಿದ್ದೆ. ಇಲ್ಲಿ ಹಾಗಲ್ಲ. ಕಥೆಯಲ್ಲಿ ಏನಾದರೂ ಒಂದು ಆದ ತಕ್ಷಣ ಊರಿನ ಹೆಚ್ಚುಕಮ್ಮಿ ಎಲ್ಲರ ಮಾತೂ ಬದಲಾಗುತ್ತದೆ. ಆ ಐದು ಊರಲ್ಲಿ ಮೊದಲನೆಯದಾದ ರೋಲೆಂಟ್‌ನ ಮೇಯರ್ ಮನೆಯಲ್ಲಿ ಕಳ್ಳತನ ಆಗುತ್ತದಲ್ಲ, ಅದಾದ ಮೇಲೆ ಮುಂದಿನ ಕೆಲಸ ಬದಿಗಿಟ್ಟು ಊರಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಒಬ್ಬೊಬ್ಬರದ್ದೂ ಒಂದೊಂದು ಲೆಕ್ಕಾಚಾರ. ನಮ್ಮೂರಲ್ಲಿ ಯಾರ ಮನೆಗಾದರೂ ಕಳ್ಳ ಬಿದ್ದ ಮರುದಿನ ಹಾಲಿನ ಡೈರಿ ಮುಂದೆ ನಿಂತರೆ ಹೇಗಿರುತ್ತದೋ ಹಾಗೆ. ಊರಿನ ಹೋಟೆಲಿನ ಹುಡುಗಿ ಎಲಿಸ್ಸಾಗೆ ಹೆಸರಿದೆ, ಅಪ್ಪ ಅಮ್ಮ ಇದ್ದಾರೆ, ಅವಳದ್ದೇ ತಾಪತ್ರಯಗಳಿವೆ. ಕಥೆಗೆ ಅವಳಿಂದ ಆಗಬೇಕಾದ್ದು ಏನೂ ಇಲ್ಲ, ಆದರೂ ಯಾರೋ ಕೂತು ಅವಳಿಗೆ ಅಷ್ಟು ಮಾತು ಬರೆದಿದ್ದಾರೆ. ಪೇಪರ್ ಕೂಡ ಇದೆ, ಲಿಬರ್ಲ್ ನ್ಯೂಸ್ ಅಂತ, ದುಡ್ಡು ಕೊಟ್ಟು ಕೊಂಡು ಓದಬೇಕು. ನೀವೇ ಕಣ್ಣಾರೆ ಕಂಡ ಘಟನೆ ಪೇಪರಿನಲ್ಲಿ ಬೇರೆ ತರ ಬಂದಿರುತ್ತದೆ, ಆಗ ಒಂಥರಾ ಮಜಾ.

ಹಾಗಾಗಿ ಕೊನೆಯ ಅಧ್ಯಾಯದಲ್ಲಿ ರಾಜಧಾನಿ ಗ್ರಾನ್ಸೆಲ್‌ನಲ್ಲಿ ಗಲಾಟೆ ಶುರುವಾದಾಗ ನಿಮಗೆ ಭಯ ಆಗುವುದು ರಾಜ್ಯದ ಬಗ್ಗೆ ಅಲ್ಲ. ಆ ಐದು ಊರಿನಲ್ಲಿ ಮಾತಾಡಿಸಿದವರ ಬಗ್ಗೆ.

ಐದರಲ್ಲಿ ಇನ್ನೊಂದು ಊರಾದ ರುವಾನ್ ಭಾಗದ ಶಾಲೆ ನಾಟಕ ಒಂದನ್ನು ಹೇಳಲೇಬೇಕು. ಸುಟ್ಟುಹೋದ ಅನಾಥಾಶ್ರಮ, ಆ ಮಕ್ಕಳಿಗೆ ಒಂದಿಷ್ಟು ಖುಷಿ ಆಗಲಿ ಅಂತ ನಾಟಕ. ಅದರಲ್ಲಿ ಹುಡುಗಿಯರಿಗೆ ಯೋಧರ ವೇಷ, ರಾಜಕುಮಾರಿ ಪಾತ್ರ ಜೋಶುವಾಗೆ. ಯಕ್ಷಗಾನದ ಸ್ತ್ರೀವೇಷ ನೋಡುತ್ತಾ ಬೆಳೆದ ನನಗೆ ಇದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ಲ, ಆದರೆ ಅವನ ಮುಖ ನೆನೆಸಿಕೊಂಡು ನಕ್ಕಿದ್ದಕ್ಕೆ ಲೆಕ್ಕ ಇಲ್ಲ. ತಾಲೀಮು, ವೇಷ, ನಾಟಕ ಎಲ್ಲ ಸೇರಿ ಒಂದು ಸಂಜೆ ಪೂರ್ತಿ ಹೋಯಿತು. ಒಂದು ಯುದ್ಧ ಇಲ್ಲ, ಏನಿಲ್ಲ. ಆಟದಲ್ಲಿ ನನಗೆ ಅತಿ ಇಷ್ಟವಾದ ಸಂಜೆ ಅದೇ.

ಯುದ್ಧ ಸರದಿ ಪ್ರಕಾರ ನಡೆಯುತ್ತದೆ. ಯಾರ ನಂತರ ಯಾರು ಅನ್ನೋ ಪಟ್ಟಿ ಪಕ್ಕದಲ್ಲೇ ಕಾಣುತ್ತದೆ, ಕೆಲವು ಸರದಿಗೆ ಬೋನಸ್ ಅಂಟಿಕೊಂಡಿರುತ್ತದೆ. ವೈರಿಗೆ ಆ ಬೋನಸ್ ಹೋಗುತ್ತಿದೆ ಅಂದಾಗ ಎಸ್-ಬ್ರೇಕ್ ಅನ್ನೋ ದೊಡ್ಡ ಏಟು ಹಾಕಿ ನಡುವೆ ನುಗ್ಗಿ ಕಿತ್ತುಕೊಳ್ಳಬಹುದು. ಅದಕ್ಕೆ ಕನಿಷ್ಠ 100 ಸಿಪಿ (ಹೊಡೆದಾಡುತ್ತಾ ಕೂಡುವ ಅಂಕ) ಬೇಕು, 200 ಕೂಡಿಟ್ಟುಕೊಂಡು ಹೊಡೆದರೆ ಏಟು ಇನ್ನೂ ಜೋರು. ನಾನು ಜಿಪುಣ, ಕೂಡಿಟ್ಟು ಕೂಡಿಟ್ಟು ಬಳಸದೇ ಸೋತಿದ್ದೇ ಜಾಸ್ತಿ. ಮಟ್ಟ ಏರಿಸಲು ಒಂದೇ ಕಡೆ ಗಿರಕಿ ಹೊಡೆಯಬೇಕಾಗಿಲ್ಲ. ನಿಮಗಿಂತ ಕೆಳಗಿನ ಪ್ರಾಣಿಗಳಿಂದ ಅನುಭವದ ಅಂಕ ಬರುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಸತ್ತ ಮೃಗದ ಹೊಟ್ಟೆಯಲ್ಲಿ ದುಡ್ಡು ಸಿಗುವ ಹುಚ್ಚಾಟವೂ ಇಲ್ಲಿಲ್ಲ. ಸೆಪಿತ್ ಅನ್ನೋ ಖನಿಜದ ಚೂರು ಸಿಗುತ್ತದೆ, ಅದನ್ನು ಮಾರಿ ದುಡ್ಡು ಮಾಡಿಕೊಳ್ಳಬೇಕು.

ಇನ್ನು ಬೈಗುಳ. ಹಳೆಯ ಆವೃತ್ತಿಯಲ್ಲಿ ಊರಿಂದ ಊರಿಗೆ ನಡೆಯಬೇಕು, ಮತ್ತೆ ವಾಪಸ್ ನಡೆಯಬೇಕು. ಆಟವನ್ನು ವೇಗವಾಗಿ ಓಡಿಸುವ ಟರ್ಬೊ ಗುಂಡಿ ಆಮೇಲೆ ಅಪ್‌ಡೇಟ್‌ನಲ್ಲಿ ಬಂತು, ಅದು ಬಂದ ಮೇಲೆ ಉಸಿರಾಡಿದೆ. ಗ್ರಾನ್ಸೆಲ್ ಕೆಳಗಿನ ಚರಂಡಿ ಸುರಂಗ ಬರೀ ತಲೆನೋವು. ಸಣ್ಣಪುಟ್ಟ ಕೆಲಸಗಳಿಗೆ ಗಡುವು ಇದೆ, ಕಥೆ ಮುಂದೆ ಹೋದರೆ ಹೋಯಿತು. ಕಾರ್ನೀಲಿಯಾ ಅಂತ ಆಟದೊಳಗೇ ಒಂದು ಕಾದಂಬರಿ ಇದೆ, ಅಧ್ಯಾಯಗಳು ಅಲ್ಲಲ್ಲಿ ಚದುರಿರುತ್ತವೆ. ನನಗೆ ಒಂದು ತಪ್ಪಿಹೋಯಿತು. ಇಪ್ಪತ್ತು ಗಂಟೆ ಆದ ಮೇಲೆ ಗೊತ್ತಾಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮತ್ತೆ ಕನ್ನಡ ಬಿಡಿ, ಇಂಗ್ಲಿಷನ್ನು ಗಂಟೆಗಟ್ಟಲೆ ಓದಬೇಕು. ಓದುವುದು ಬೇಜಾರು ಅನ್ನುವವರು ದಯವಿಟ್ಟು ದೂರ ಇರಿ. ಆದರೆ ಆ ಇಂಗ್ಲಿಷ್ ಚೆನ್ನಾಗಿದೆ. ದಾರಿಯಲ್ಲಿ ಸಿಗುವ ನಿಧಿ ಪೆಟ್ಟಿಗೆ ಒಮ್ಮೆ ತೆರೆದು ಖಾಲಿಯಾದ ಮೇಲೆ ಮತ್ತೆ ತೆರೆದು ನೋಡಿ, ಪೆಟ್ಟಿಗೆಯೇ ನಿಮ್ಮನ್ನು ಗೇಲಿ ಮಾಡುತ್ತದೆ. ಎಲ್ಲ ಪೆಟ್ಟಿಗೆಯನ್ನೂ ಎರಡು ಸಲ ತೆರೆಯುವ ಚಟ ನನಗೆ ಹತ್ತಿದ್ದು ಹಾಗೆ.

2025ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಹೊಸದಾಗಿ ಕಟ್ಟಿ ಬಿಟ್ಟಿದ್ದಾರೆ. ಪೂರ್ತಿ ತ್ರೀಡಿ, ಒಂದೇ ಏಟಿಗೆ ಬೇರೆ ಊರಿಗೆ ಹೋಗುವ ಸೌಕರ್ಯ, ಸಣ್ಣ ಕಾಳಗಕ್ಕೆ ನೇರ ಹೊಡೆದಾಟ. ಅದನ್ನೂ ಆಡಿದೆ. ಚೆಂದ ಇದೆ, ಹೊಸಬರು ಅದರಿಂದಲೇ ಶುರು ಮಾಡಿದರೆ ನಾನೇನೂ ತಕರಾರು ಮಾಡುವುದಿಲ್ಲ. ನನ್ನ ಹಳೆ ಲ್ಯಾಪ್‌ಟಾಪಿಗೆ ಅದು ಆಗುವ ಕೆಲಸ ಅಲ್ಲ, ಅಣ್ಣನ ಮನೆಯಲ್ಲಿ ಕೂತು ಆಡಿದ್ದು. ಅತ್ತಿಗೆ ಹಿಂದೆ ನಿಂತು, ಆ ಹುಡುಗಿ ಯಾಕೆ ಇಷ್ಟು ಮಾತಾಡ್ತಾಳೆ ಅಂತ ಕೇಳಿದವರು, ನಾಟಕದ ಹೊತ್ತಿಗೆ ಕುರ್ಚಿ ಎಳೆದು ಪಕ್ಕದಲ್ಲೇ ಕೂತಿದ್ದರು.

ಒಂದು ಎಚ್ಚರಿಕೆ. ಮೊದಲ ಭಾಗ ಕಥೆಯ ಅರ್ಧ ಮಾತ್ರ, ಅದು ನಿಲ್ಲುವ ಜಾಗ ಘೋರವಾಗಿದೆ. ಜಪಾನಿನವರು 2006ರ ತನಕ, ಇಂಗ್ಲಿಷಿನವರು 2015ರ ತನಕ ಎರಡನೇ ಭಾಗಕ್ಕೆ ಕಾದಿದ್ದಾರೆ, ಪಾಪ. ಹಳೆಯದನ್ನೇ ಆಡುವುದಾದರೆ ಸೇವ್ ಫೈಲ್ ಅಳಿಸಬೇಡಿ, ಅದು ಮುಂದಿನದಕ್ಕೂ ನಡೆಯುತ್ತದೆ. ಮತ್ತೆ ಎರಡನೇ ಭಾಗವನ್ನು ಮೊದಲೇ ಇನ್‌ಸ್ಟಾಲ್ ಮಾಡಿಟ್ಟುಕೊಂಡು ಕೊನೆಯ ಅಧ್ಯಾಯಕ್ಕೆ ಕೈ ಹಾಕಿ. ನಾನು ಹಾಗೆ ಮಾಡಿರಲಿಲ್ಲ, ರಾತ್ರಿ ಎರಡು ಗಂಟೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಡೌನ್‌ಲೋಡ್ ಎಷ್ಟು ಪರ್ಸೆಂಟ್ ಆಯಿತು ಅಂತ ನೋಡುತ್ತಾ ಕೂತಿದ್ದೆ.